ಮಾರ್ಕರ್ ಜೀನ್ ಇಲ್ಲದ ಕುಲಾಂತರಿ ಅಂದ್ರೇನು? ನಮ್ಮ ಆಲೂಗಡ್ಡೆಗೆ ಅದು ಆಗುತ್ತಾ?

ಗಡ್ಡೆಗೌಡ, ಅರಕಲಗೂಡು · ಭಾನುವಾರ ರಾತ್ರಿ 9:14

ಎಲ್ಲರಿಗೂ ನಮಸ್ಕಾರ. ಬಿತ್ತನೆ ಗಡ್ಡೆ ನೋಡ್ಕೊಂಡು ಬರೋಣ ಅಂತ ಮೊನ್ನೆ ಹಾಸನ ಎಪಿಎಂಸಿಗೆ ಹೋಗಿದ್ದೆ. ಜಲಂಧರ್ ಲಾರಿ ಇಳಿಸ್ತಾ ಇದ್ರು. ಟೀ ಅಂಗಡಿ ಮುಂದೆ ಒಬ್ರು ಜೋರಾಗಿ ಹೇಳ್ತಿದ್ರು: "ಅಂಗಮಾರಿ ಬರದೇ ಇರೋ ಕುಲಾಂತರಿ ಆಲೂಗಡ್ಡೆ ಬರುತ್ತಂತೆ. ಆದ್ರೆ ಅದರೊಳಗೆ ಆ್ಯಂಟಿಬಯಾಟಿಕ್ ಸೇರಿಸಿರ್ತಾರಂತೆ. ಅದನ್ನ ತಿಂದೋರಿಗೆ ನಾಳೆ ಕಾಯಿಲೆ ಬಂದ್ರೆ ಇಂಜೆಕ್ಷನ್ನೇ ಹತ್ತಲ್ವಂತೆ." ಪಕ್ಕದಲ್ಲಿದ್ದ ಹುಡುಗ, ಕಾರೆಕೆರೆ ಕೃಷಿ ಕಾಲೇಜಲ್ಲಿ ಓದ್ತಾನಂತೆ, "ಈಗ ಮಾರ್ಕರ್ ಇಲ್ದೇನೂ ಮಾಡ್ತಾರೆ ಅಣ್ಣ" ಅಂದ. ಅಷ್ಟರಲ್ಲಿ ಅವನ ಬಸ್ ಬಂತು, ಹತ್ಕೊಂಡು ಹೋದ.

ಏನಿದು ಮಾರ್ಕರ್? ಇಲ್ದೆ ಹೇಗೆ ಮಾಡ್ತಾರೆ? ಹೋದ ಮುಂಗಾರಲ್ಲಿ ಮೋಡ ಮುಚ್ಕೊಂಡು ಸೋನೆ ಹಿಡಿದಾಗ ಎಂ-45 (ಮ್ಯಾಂಕೋಜೆಬ್ ಶಿಲೀಂಧ್ರನಾಶಕ) ಹೊಡೆದು ಹೊಡೆದು ಸಾಕಾಯ್ತು. ಆದ್ರೂ ನಾಲ್ಕೇ ದಿನಕ್ಕೆ ಎರಡು ಎಕರೆ ಸುಟ್ಟ ಹಾಗೆ ಕಪ್ಪಾಯ್ತು. ಹಾಗಾಗಿ ಕೇಳ್ತಿದ್ದೀನಿ, ಸುಮ್ನೆ ಕುತೂಹಲಕ್ಕಲ್ಲ. ತಿಳಿದೋರು ಬಿಡಿಸಿ ಹೇಳಿ.

ನಾಟಿಬೀಜ, ಕಡೂರು · ರಾತ್ರಿ 9:31

ಗೌಡ್ರೆ, ನಿಮ್ಮ ಟೀ ಅಂಗಡಿಯವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಬಿಟಿ ಹತ್ತಿಯಲ್ಲಿ ಕನಾಮೈಸಿನ್ ನಿರೋಧಕ ಜೀನ್ ಇದೆ. 2010ರಲ್ಲಿ ತಡೆಹಿಡಿದ ಬಿಟಿ ಬದನೆಯಲ್ಲೂ ಅದೇ ಇತ್ತು. ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಬೆಂಗಳೂರಲ್ಲಿ ಕರೆದಿದ್ದ ಸಭೆಗೆ ನಾನೂ ಹೋಗಿದ್ದೆ. "ಯಾಕೆ ಬೇಕಿತ್ತು ಈ ಜೀನ್?" ಅನ್ನೋ ಪ್ರಶ್ನೆಗೆ ನಮ್ಮ ಭಾಷೆಯಲ್ಲಿ ಉತ್ತರ ಕೊಟ್ಟೋರು ನನ್ನ ಕಣ್ಣಿಗೆ ಬೀಳಲಿಲ್ಲ.

ಬಾಟ್ಲಿಮನೆ, ಹಾಸನ · ರಾತ್ರಿ 10:20

ನಾನು ಪ್ರಯತ್ನ ಮಾಡ್ತೀನಿ. ಅಂಗಾಂಶ ಕೃಷಿ ಲ್ಯಾಬುಗಳಲ್ಲೇ ಹನ್ನೊಂದು ವರ್ಷ ಕಳೆದವಳು ನಾನು. ಈಗ ಬಾಳೆ ಸಸಿ ಮಾಡ್ತೀನಿ. ಅದಕ್ಕೂ ಮುಂಚೆ ಆಲೂಗಡ್ಡೆಗೆ ಜೀನ್ ಸೇರಿಸೋ ಒಂದು ಪ್ರಾಜೆಕ್ಟಲ್ಲಿದ್ದೆ. ಎಲ್ಲಿ ಅಂತ ಕೇಳ್ಬೇಡಿ.

ಗೌಡ್ರೆ, ಮೊದಲನೇ ಮಾತು: ಗಡ್ಡೆಯೊಳಗೆ ಆ್ಯಂಟಿಬಯಾಟಿಕ್ ಇರಲ್ಲ. ಆ ಔಷಧಿಗೆ ಬಗ್ಗದ ಹಾಗೆ ಮಾಡೋ ಒಂದು ಜೀನ್ ಇರುತ್ತೆ. ಅದು ಯಾಕೆ ಅಂದ್ರೆ, ಆಲೂಗಡ್ಡೆ ಕಾಂಡವನ್ನ ಅರ್ಧ ಇಂಚಿನ ತುಂಡು ಮಾಡಿ ಅಗ್ರೋಬ್ಯಾಕ್ಟೀರಿಯಂ ಅನ್ನೋ ಬ್ಯಾಕ್ಟೀರಿಯಾ ಇರೋ ನೀರಲ್ಲಿ ಅದ್ದುತ್ತೀವಿ. ಅದು ಮಣ್ಣಲ್ಲೇ ಇರೋ ಜೀವಿ. ಗಿಡದ ಬುಡಕ್ಕೆ ಗಂಟು ರೋಗ ತರೋದು ಅದೇ. ತನ್ನ ಡಿಎನ್ಎ ತುಂಡನ್ನ ಗಿಡದ ಕೋಶದೊಳಗೆ ತುರುಕೋ ವಿದ್ಯೆ ಅದಕ್ಕೆ ಹುಟ್ಟಿನಿಂದ ಗೊತ್ತು. ನಾವು ರೋಗದ ಜೀನ್ ತೆಗೆದು ನಮಗೆ ಬೇಕಾದ್ದನ್ನ ಇಟ್ಟು ಕಳಿಸ್ತೀವಿ. ಆದ್ರೆ ಕತ್ತರಿಸಿದ ತುದಿಯಲ್ಲಿ ಸಾವಿರಾರು ಕೋಶ ಇರ್ತವೆ, ಜೀನ್ ಹತ್ತೋದು ಎಲ್ಲೋ ನಾಲ್ಕಾರಕ್ಕೆ. ಯಾವುದಕ್ಕೆ ಹತ್ತಿತು ಅಂತ ಕಣ್ಣಲ್ಲಿ ಕಾಣಲ್ಲ.

ಅದಕ್ಕೇ ಜೊತೆಗೊಂದು ಗುರುತಿನ ಜೀನ್ ಕಳಿಸೋದು. ಹೆಚ್ಚಿನ ಕಡೆ ಎನ್‌ಪಿಟಿ-2, ಕನಾಮೈಸಿನ್ ಔಷಧಿಯನ್ನ ನಿಷ್ಕ್ರಿಯ ಮಾಡೋ ಜೀನ್. ಚಿಗುರು ಬೆಳೆಸೋ ಬಾಟ್ಲಿಯ ಆಹಾರಕ್ಕೆ ಕನಾಮೈಸಿನ್ ಹಾಕಿದ್ರೆ ಜೀನ್ ಹತ್ತದ ಚಿಗುರು ಬಿಳಿಚಿಕೊಂಡು ಸಾಯುತ್ತೆ, ಹತ್ತಿದ್ದು ಹಸಿರಾಗಿ ಮೇಲೆ ಬರುತ್ತೆ. ಜರಡಿ ಹಿಡಿದ ಹಾಗೆ.

ಜರಡಿ ಹಿಡಿದಾದ ಮೇಲೆ ಆ ಜೀನಿಗೆ ಕೆಲಸ ಇಲ್ಲ. ಆದ್ರೂ ಗಿಡದ ಪ್ರತಿ ಕೋಶದಲ್ಲೂ, ಮುಂದಿನ ಪೀಳಿಗೆಗಳಲ್ಲೂ ಕೂತಿರುತ್ತೆ. ಮನೆ ಕಟ್ಟಿ ಸುಣ್ಣ ಬಳಿದು ಗೃಹಪ್ರವೇಶ ಆದ್ರೂ ಸಾರವೆ ಬಿಚ್ಚದೆ ಬಿಟ್ಟ ಹಾಗೆ. ಆ ಸಾರವೆ ಬಿಚ್ಚೋದು ಹೇಗೆ, ಅಥವಾ ಸಾರವೆ ಕಟ್ಟದೇ ಗೋಡೆ ಏರಿಸೋದು ಹೇಗೆ ಅನ್ನೋದೇ ಆ ಹುಡುಗ ಹೇಳಿದ ವಿಷಯ.

ನಾಟಿಬೀಜ, ಕಡೂರು · ರಾತ್ರಿ 10:41

ಸಾರವೆ ಅಂತ ಹಗುರ ಮಾಡ್ಬೇಡಿ ಮೇಡಂ. ಅಪಾಯ ಇಲ್ಲದಿದ್ರೆ ಯುರೋಪಿನವರು ಯಾಕೆ ಬೇಡ ಅಂದ್ರು?

ಬಾಟ್ಲಿಮನೆ, ಹಾಸನ · ರಾತ್ರಿ 11:05

ಹಗುರ ಮಾಡ್ತಿಲ್ಲ ಸಾರ್. ಯುರೋಪಿನ 2001ರ ನಿರ್ದೇಶನ ಹೇಳಿದ್ದು ಇಷ್ಟು: ಜನರ ಆರೋಗ್ಯಕ್ಕೋ ಪರಿಸರಕ್ಕೋ ತೊಂದರೆ ಮಾಡಬಹುದಾದ ಆ್ಯಂಟಿಬಯಾಟಿಕ್ ಮಾರ್ಕರುಗಳನ್ನ ಮಾರಾಟದ ಬೆಳೆಗಳಲ್ಲಿ 2004ರ ಕೊನೆಯೊಳಗೆ, ಪ್ರಯೋಗದ ಬೆಳೆಗಳಲ್ಲಿ 2008ರ ಕೊನೆಯೊಳಗೆ ನಿಲ್ಲಿಸಿ. ಎಲ್ಲಾ ಮಾರ್ಕರೂ ಬೇಡ ಅಂದಿದ್ದಲ್ಲ. ಅಲ್ಲಿನ ಆಹಾರ ಸುರಕ್ಷತಾ ಸಂಸ್ಥೆ ಎನ್‌ಪಿಟಿ-2 ಬಗ್ಗೆ 2009ರಲ್ಲಿ ಮತ್ತೆ ಕೂತು, ಗಿಡದಿಂದ ಬ್ಯಾಕ್ಟೀರಿಯಾಕ್ಕೆ ಆ ಜೀನ್ ಹೋಗೋ ಸಾಧ್ಯತೆ ತೀರಾ ಕಡಿಮೆ, ಅದು ಮೊದಲೇ ಪ್ರಕೃತಿಯ ಬ್ಯಾಕ್ಟೀರಿಯಾಗಳಲ್ಲಿದೆ, ತೊಂದರೆ ಆಗೋ ಸಂಭವ ಕಾಣಲ್ಲ ಅಂತು. ಅದರಲ್ಲೂ ಇಬ್ಬರು ಭಿನ್ನಮತ ಬರೆದ್ರು. ಕನಾಮೈಸಿನ್ ಹಳೇ ಔಷಧಿ ಆದ್ರೂ ಬಗ್ಗದ ಕ್ಷಯಕ್ಕೆ ಆಗ ಬಳಸ್ತಿದ್ರು, ಪೂರ್ತಿ ಮೂಲೆಗೆ ಹಾಕಿದ ಸಾಮಾನಾಗಿರಲಿಲ್ಲ.

ನನ್ನ ಅಭಿಪ್ರಾಯ ಕೇಳಿದ್ರೆ, ಅಪಾಯ ಬಹಳ ಸಣ್ಣದು. ಆದ್ರೆ ಕೆಲಸ ಮುಗಿದ ಸಾಮಾನನ್ನ ಊಟದ ತಟ್ಟೆವರೆಗೂ ಯಾಕೆ ಹೊತ್ತು ತರಬೇಕು ಅನ್ನೋ ಪ್ರಶ್ನೆ ಸರಿ ಇದೆ. ಜೊತೆಗೆ ವಿಜ್ಞಾನಿಗಳಿಗೇ ಇನ್ನೊಂದು ಸ್ವಾರ್ಥ ಇದೆ. ಚೆನ್ನಾಗಿ ಕೆಲಸ ಮಾಡೋ ಮಾರ್ಕರುಗಳು ಬೆರಳೆಣಿಕೆಯಷ್ಟು. ಒಂದು ಸಲ ಎನ್‌ಪಿಟಿ-2 ಬಳಸಿದ ಗಿಡಕ್ಕೆ ಎರಡನೇ ಜೀನ್ ಸೇರಿಸಬೇಕು ಅಂದ್ರೆ ಅದೇ ಜರಡಿ ಮತ್ತೆ ನಡೆಯಲ್ಲ, ಗಿಡ ಆಗಲೇ ಕನಾಮೈಸಿನ್ನಿಗೆ ಜಗ್ಗಲ್ಲ. ಹಳೇದನ್ನ ತೆಗೆದ್ರೆ ಮಾತ್ರ ಅದನ್ನೇ ಮತ್ತೆ ಬಳಸಬಹುದು.

ನಾಳೆ ಮುಂದುವರಿಸ್ತೀನಿ, ಬೆಳಿಗ್ಗೆ ಐದಕ್ಕೆ ಬಾಟ್ಲಿ ಕ್ರಿಮಿಶುದ್ಧಿ ಮಾಡೋ ಆಟೋಕ್ಲೇವ್ ಹಚ್ಚಬೇಕು.

ಪಿಯು ಮೇಷ್ಟ್ರು, ಚಿಕ್ಕಮಗಳೂರು · ಸೋಮವಾರ ಬೆಳಿಗ್ಗೆ 7:02

ಮೇಡಂ ಬರೋದರೊಳಗೆ ಸುಲಭದ ದಾರಿಯನ್ನು ನಾನು ಹೇಳಿಬಿಡುತ್ತೇನೆ, ದ್ವಿತೀಯ ಪಿಯುಸಿ ಮಕ್ಕಳಿಗೆ ಮೆಂಡೆಲ್ ಪಾಠ ಮಾಡುವಾಗ ಇದನ್ನೇ ಉದಾಹರಣೆ ಕೊಡುವುದು. ಬೇಕಾದ ಜೀನನ್ನೂ ಮಾರ್ಕರನ್ನೂ ಒಂದೇ ತುಂಡಿನಲ್ಲಿ ಕಟ್ಟದೆ ಎರಡು ಬೇರೆ ಬೇರೆ ತುಂಡಿನಲ್ಲಿ ಕಳಿಸುತ್ತಾರೆ. ಜಪಾನ್ ಟೊಬ್ಯಾಕೊದ ಕೊಮಾರಿ ಮತ್ತು ಸಂಗಡಿಗರು 1996ರಲ್ಲಿ ತಂಬಾಕು ಮತ್ತು ಭತ್ತದಲ್ಲಿ ಇದನ್ನು ಮಾಡಿ ತೋರಿಸಿದರು. ಎರಡೂ ಹತ್ತಿದ ಕೋಶದಲ್ಲಿ ಅವು ಬೇರೆ ಬೇರೆ ಕ್ರೋಮೋಸೋಮಿನಲ್ಲಿ ಕೂತಿದ್ದರೆ ಮುಂದಿನ ಪೀಳಿಗೆಯಲ್ಲಿ ಬೇರೆಯಾಗುತ್ತವೆ. ಬೇಕಾದ ಜೀನ್ ಉಳಿಯುವುದು ನಾಲ್ಕರಲ್ಲಿ ಮೂರು ಸಸಿಗೆ, ಮಾರ್ಕರ್ ಬಿಟ್ಟುಹೋಗುವುದು ನಾಲ್ಕರಲ್ಲಿ ಒಂದಕ್ಕೆ. ಗುಣಿಸಿದರೆ 16ಕ್ಕೆ 3. ನೂರು ಬೀಜ ಬಿತ್ತಿದರೆ ಬೇಕಾದ ಜೀನ್ ಇದ್ದು ಮಾರ್ಕರ್ ಇಲ್ಲದ ಸಸಿಗಳು ಹತ್ತೊಂಬತ್ತರ ಆಸುಪಾಸು ಸಿಗುತ್ತವೆ. ಒಂದು ಪೈಸೆಯ ಹೊಸ ತಂತ್ರಜ್ಞಾನ ಬೇಡ. ಗಿಡವೇ ಸಾರವೆ ಬಿಚ್ಚಿಕೊಡುತ್ತದೆ.

ಗಡ್ಡೆಗೌಡ, ಅರಕಲಗೂಡು · ಬೆಳಿಗ್ಗೆ 7:40

ಮೇಷ್ಟ್ರೆ, ಎಲ್ಲಾ ಸರಿ. ಆದ್ರೆ ನಾವು ಆಲೂಗಡ್ಡೆಗೆ ಬೀಜ ಎಲ್ಲಿ ಬಿತ್ತೀವಿ? ಗಡ್ಡೆ ಕತ್ತರಿಸಿ ನೆಡೋದು.

ಪಿಯು ಮೇಷ್ಟ್ರು, ಚಿಕ್ಕಮಗಳೂರು · ಬೆಳಿಗ್ಗೆ 7:44

ಅಯ್ಯೋ, ಹೌದಲ್ಲ.

ಬಾಟ್ಲಿಮನೆ, ಹಾಸನ · ಮಧ್ಯಾಹ್ನ 1:50

ಗೌಡ್ರು ಒಂದೇ ಸಾಲಲ್ಲಿ ಗಂಟು ಎಲ್ಲಿದೆ ಅಂತ ತೋರಿಸಿಬಿಟ್ರು. ನನ್ನ ಪ್ರಾಜೆಕ್ಟಲ್ಲಿ ಇದನ್ನ ಅರ್ಥ ಮಾಡ್ಕೊಳ್ಳೋಕೆ ನಮಗೆ ಆರು ತಿಂಗಳು ಹಿಡೀತು, ಭತ್ತದವರ ವಿಧಾನವನ್ನ ಹಾಗೇ ತಂದು ಕೂತಿದ್ವಿ.

ಆಲೂಗಡ್ಡೆ ಗಿಡ ಕೆಲವೊಮ್ಮೆ ಹೂ ಬಿಟ್ಟು ಸಣ್ಣ ಟೊಮೆಟೊ ಥರ ಹಸಿರು ಕಾಯಿ ಕಟ್ಟುತ್ತೆ, ನೋಡಿರ್ತೀರಿ. ಅದರ ಬೀಜ ಬಿತ್ತಿದ್ರೆ ನೂರು ಸಸಿ ನೂರು ಥರ: ಒಂದು ಗೋಲಿಯಷ್ಟು ಗಡ್ಡೆ, ಒಂದು ಉದ್ದ, ಒಂದು ಕೆಂಪು. ಆಲೂಗಡ್ಡೆಗೆ ಪ್ರತಿ ಕ್ರೋಮೋಸೋಮೂ ನಾಲ್ಕು ನಾಲ್ಕು, ಒಟ್ಟು 48. ಪೀಳಿಗೆ ದಾಟಿಸಿದ ಕೂಡಲೇ ಇಸ್ಪೀಟು ಕಲಸಿದ ಹಾಗೆ. ಮಾರ್ಕರ್ ಹೋಯ್ತು ಅಂತ ಖುಷಿ ಪಡಬಹುದು, ಆದ್ರೆ ನಾವು ಬೆಳೆಯೋ ಕುಫ್ರಿ ಜ್ಯೋತಿ ತಳಿನೂ ಜೊತೆಗೇ ಹೋಗಿರುತ್ತೆ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯವರು ಕೆಜೆ-66 ಅಂತ ಒಂದು ಮಾಡಿದ್ರು. ಅಮೆರಿಕದಲ್ಲಿ ಆರ್‌ಬಿ ಅನ್ನೋ ಅಂಗಮಾರಿ ನಿರೋಧಕ ಜೀನ್ ಸೇರಿಸಿದ್ದ ಕಟಾಡಿನ್ ತಳಿಯನ್ನ ತಂದು ಕುಫ್ರಿ ಜ್ಯೋತಿ ಜೊತೆ ದಾಟಿಸಿದ್ದು. ಆರ್‌ಬಿ ಬಂದಿದ್ದು ಮೆಕ್ಸಿಕೊ ಕಡೆಯ ಒಂದು ಕಾಡು ಆಲೂಗಡ್ಡೆಯಿಂದ. ದಾಟಿಸಿದ ಮೇಲೆ ಅದು ಜ್ಯೋತಿಯ ಮಗಳೇ ಹೊರತು ಜ್ಯೋತಿ ಅಲ್ಲ.

ಹಾಗಾಗಿ ಯಾರಾದ್ರೂ "ಮಾರ್ಕರ್ ಇಲ್ಲದ ವಿಧಾನ" ಅಂದ್ರೆ ನಾನು ಮೊದಲು ಕೇಳೋದು, ಬೆಳೆ ಬೀಜದಿಂದ ಬೆಳೆಯೋದಾ, ಗಡ್ಡೆ ಕಂದು ಕಡ್ಡಿಯಿಂದ ಬೆಳೆಯೋದಾ? ಭತ್ತ, ರಾಗಿ, ಸಾಸಿವೆಗೆ ಮೇಷ್ಟ್ರ 16ಕ್ಕೆ 3 ಸಾಕು. ಆಲೂಗಡ್ಡೆ, ಬಾಳೆ, ಶುಂಠಿಗೆ ಅದು ನಡೆಯಲ್ಲ.

ಮೂಡಿಗೆರೆ ಮಾರಾಯ · ಮಧ್ಯಾಹ್ನ 2:15

ಹಾಗಾದ್ರೆ ಕಾಫಿಗೆ ಎಂತ ಕಥೆ ಮಾರಾಯ್ರೆ? ಬಿಳಿ ಕಾಂಡ ಕೊರಕ ನಮ್ಮ ಅರೇಬಿಕಾ ತಿಂದು ತೇಗಿ ಆಯ್ತು. ವರ್ಷ ವರ್ಷ ಗಿಡ ಕಿತ್ತು ಸುಡುವುದೇ ಕೆಲಸ.

ಬಾಟ್ಲಿಮನೆ, ಹಾಸನ · ಮಧ್ಯಾಹ್ನ 2:40

ಕಾಫಿಗೆ ಆಮೇಲೆ ಬರ್ತೀನಿ ಸಾರ್, ಮೊದಲು ಗಡ್ಡೆ ಮುಗಿಸ್ತೀನಿ.

ಗಡ್ಡೆಗೆ ಎರಡು ದಾರಿ. ಒಂದು ಕತ್ತರಿ. ಮಾರ್ಕರ್ ಜೀನಿನ ಎರಡೂ ಕಡೆ ಒಂದೇ ಥರದ ಎರಡು ಗುರುತು ಇಟ್ಟು ಕಳಿಸೋದು. ಆ ಗುರುತು ಕಂಡ ಕೂಡಲೇ ನಡುವಿನ ತುಂಡು ಕತ್ತರಿಸಿ, ಎರಡು ತುದಿ ಸೇರಿಸೋ ಒಂದು ಕಿಣ್ವ ಇದೆ, ಹೆಸರು ಕ್ರೀ. ಬ್ಯಾಕ್ಟೀರಿಯಾಗಳಿಗೆ ಅಂಟೋ ಪಿ-1 ಅನ್ನೋ ವೈರಸ್ಸಿನದು. ಗುರುತಿನ ಹೆಸರು ಲಾಕ್ಸ್, ಉದ್ದ 34 ಡಿಎನ್ಎ ಅಕ್ಷರ. ಕೆಲಸ ಮುಗಿದ ಮೇಲೆ ಗಿಡದಲ್ಲಿ ಉಳಿಯೋದು ಒಂದೇ ಲಾಕ್ಸ್, ಕತ್ತರಿಸಿದ ಗಾಯದ ಕಲೆಯಷ್ಟು. 1991ರಲ್ಲಿ ಡೇಲ್ ಮತ್ತು ಓವ್ ಅನ್ನೋ ಇಬ್ಬರು ತಂಬಾಕಿನಲ್ಲಿ ಇದನ್ನ ಮಾಡಿದ್ರು. ಅವರು ಉಳಿಸಿಕೊಂಡಿದ್ದು ಮಿಂಚುಹುಳದ ಬೆಳಕಿನ ಜೀನ್, ತೆಗೆದಿದ್ದು ಹೈಗ್ರೋಮೈಸಿನ್ ಮಾರ್ಕರ್. ಯೀಸ್ಟಿನ ಎಫ್‌ಎಲ್‌ಪಿ ಅಂತ ಇನ್ನೊಂದು ಕತ್ತರಿನೂ ಇದೆ, ಕೆಲಸ ಅದೇ.

ಆದ್ರೆ ಆ ಇಬ್ಬರೂ ಕ್ರೀ ಜೀನನ್ನ ಎರಡನೇ ಸಲ ಬೇರೆಯಾಗಿ ಸೇರಿಸಿ, ಆಮೇಲೆ ಅದನ್ನ ಬೀಜದ ಪೀಳಿಗೆಯಲ್ಲಿ ಬಿಡಿಸಿದ್ರು. ಗಡ್ಡೆಗೆ ಮತ್ತೆ ಅದೇ ಕಷ್ಟ. ಅದಕ್ಕೆ ಆಮೇಲೆ ಬಂದೋರು ಕತ್ತರಿಯನ್ನೇ ತುಂಡಿನೊಳಗೆ ಇಟ್ರು, ಶಾಖಕ್ಕೆ ಮಾತ್ರ ಚಾಲೂ ಆಗೋ ಸ್ವಿಚ್ಚು ಹಾಕಿ. ಬಾಟ್ಲಿಯನ್ನ ಒಂದಷ್ಟು ಹೊತ್ತು 42 ಡಿಗ್ರಿಯಲ್ಲಿಟ್ರೆ ಕ್ರೀ ಎದ್ದು ಮಾರ್ಕರನ್ನೂ ಕತ್ತರಿಸುತ್ತೆ, ತನ್ನನ್ನೂ ಕತ್ತರಿಸಿಕೊಂಡು ಹೋಗುತ್ತೆ. ಪಂಕ್ತಿಗೆ ಬಡಿಸಿದವನು ಎಲೆ ಎತ್ತಿ ತಾನೂ ಎದ್ದು ಹೋದ ಹಾಗೆ.

ನಾಟಿಬೀಜ, ಕಡೂರು · ಮಧ್ಯಾಹ್ನ 3:10

42 ಡಿಗ್ರಿನಾ? ನಮ್ಮ ಕಡೂರು ಬಿಸಿಲಿಗೆ ತಾನಾಗೇ ಎದ್ದುಬಿಟ್ರೆ?

ಬಾಟ್ಲಿಮನೆ, ಹಾಸನ · ಸಂಜೆ 6:30

ನೀವು ತಮಾಷೆಗೆ ಕೇಳಿದ್ರೂ ಲ್ಯಾಬಲ್ಲಿ ಅದೇ ತಲೆನೋವು. ಹೊಲಕ್ಕೆ ಬರೋ ಹೊತ್ತಿಗೆ ಕತ್ತರಿ ಗಿಡದಲ್ಲಿ ಇರಲ್ಲ, ಆ ಭಯ ಬೇಡ. ತೊಂದರೆ ಮುಂಚೆಯೇ ಎದ್ದರೆ. ಶಾಖ ಕೊಡದಿದ್ರೂ ಸ್ವಲ್ಪ ಸ್ವಲ್ಪ ಸೋರೋ ಸ್ವಿಚ್ಚುಗಳಿವೆ. ಜರಡಿ ಹಿಡಿಯೋ ಮೊದಲೇ ಮಾರ್ಕರ್ ಹಾರಿಹೋದ್ರೆ ಒಳ್ಳೇ ಚಿಗುರೇ ಕನಾಮೈಸಿನ್ನಿಗೆ ಸಾಯುತ್ತೆ.

ಎರಡನೇದು ಇನ್ನೂ ಕೆಟ್ಟದ್ದು. ಒಂದು ಚಿಗುರಲ್ಲಿ ಲಕ್ಷಾಂತರ ಕೋಶ. ಕೆಲವದರಲ್ಲಿ ಕತ್ತರಿಸಿರುತ್ತೆ, ಕೆಲವದರಲ್ಲಿ ಇಲ್ಲ. ಮಿಶ್ರ ಗಿಡ. ಬೀಜದ ಬೆಳೆಯಾದ್ರೆ ಮುಂದಿನ ಪೀಳಿಗೆಯಲ್ಲಿ ತಾನೇ ಬೇರೆಯಾಗುತ್ತೆ. ಗಡ್ಡೆಯಲ್ಲಿ ಆ ಮಿಶ್ರ ಹಾಗೇ ಮುಂದುವರಿಯುತ್ತೆ. ಅದಕ್ಕೆ ಆ ಚಿಗುರಿನ ಎಲೆ, ಕಾಂಡ ಮತ್ತೆ ತುಂಡು ಮಾಡಿ, ಮತ್ತೆ ಹೊಸ ಚಿಗುರು ಎಬ್ಬಿಸಿ, ಒಂದೊಂದನ್ನೂ ಪಿಸಿಆರ್ (ಡಿಎನ್ಎ ಪರೀಕ್ಷೆ) ಮಾಡಿ ನೋಡಬೇಕು.

ಜಪಾನಿನ ನಿಪ್ಪಾನ್ ಪೇಪರ್ ಕಂಪನಿಯವರು 1997ರಲ್ಲಿ ಒಂದು ಚೆಂದದ ಉಪಾಯ ಮಾಡಿದ್ರು. ನನಗೆ ಇವತ್ತಿಗೂ ಇಷ್ಟ ಅದು. ಮಾರ್ಕರ್ ಆಗಿ ಆ್ಯಂಟಿಬಯಾಟಿಕ್ ಜೀನ್ ಬದಲು ಅಗ್ರೋಬ್ಯಾಕ್ಟೀರಿಯಂನದೇ ಐಪಿಟಿ ಅನ್ನೋ ಜೀನ್ ಇಟ್ರು. ಅದು ಗಿಡದೊಳಗೆ ಸೈಟೊಕೈನಿನ್ ಹಾರ್ಮೋನು ಉಕ್ಕಿಸುತ್ತೆ. ಚಿಗುರು ಬೇರು ಬಿಡದೆ, ಪೊರಕೆ ಥರ ಒತ್ತೊತ್ತಾಗಿ ಕವಲು ಒಡೆಯುತ್ತೆ. ಕಂಡ ಕೂಡಲೇ ಗೊತ್ತಾಗುತ್ತೆ, ಜೀನ್ ಹತ್ತಿದೆ ಅಂತ. ಆ ತುಂಡು ಹಾರಿಹೋದ ದಿನ ಆ ಪೊರಕೆಯೊಳಗಿಂದ ಒಂದೇ ಒಂದು ನೆಟ್ಟಗಿನ ಚಿಗುರು ಮೇಲೆ ಬರುತ್ತೆ. ಅದನ್ನ ಚಿವುಟಿ ಬೇರೆ ಬಾಟ್ಲಿಗೆ ಹಾಕಿದ್ರಾಯ್ತು. ಔಷಧಿ ಹಾಕಿ ಸಾಯಿಸೋ ಮಾತೇ ಇಲ್ಲ, ಕಣ್ಣೇ ಜರಡಿ.

ಗಡ್ಡೆಗೌಡ, ಅರಕಲಗೂಡು · ರಾತ್ರಿ 8:05

ಅಕ್ಕ, ಎರಡು ದಾರಿ ಅಂದ್ರಿ. ಇನ್ನೊಂದು?

ಬಾಟ್ಲಿಮನೆ, ಹಾಸನ · ರಾತ್ರಿ 9:45

ಇನ್ನೊಂದು ಕತ್ತೆ ದುಡಿಮೆ. ಮಾರ್ಕರೇ ಹಾಕಬೇಡಿ. ಬೇಕಾದ ಜೀನ್ ಒಂದನ್ನೇ ಕಳಿಸಿ, ಬಂದ ಚಿಗುರುಗಳನ್ನೆಲ್ಲ ಒಂದೊಂದಾಗಿ ಪಿಸಿಆರಲ್ಲಿ ಪರೀಕ್ಷೆ ಮಾಡಿ. 2003ರಲ್ಲಿ ನೆದರ್ಲೆಂಡ್ಸ್‌ನ ಡಿ ವೆಟ್ಟನ್ ತಂಡ ಆಲೂಗಡ್ಡೆಯಲ್ಲೇ ಇದನ್ನ ಮಾಡಿತು. ಜೀನ್ ತುರುಕೋದರಲ್ಲಿ ಬಲು ಚುರುಕಾದ ಅಗ್ರೋಬ್ಯಾಕ್ಟೀರಿಯಂ ತಳಿ ಆರಿಸ್ಕೊಂಡ್ರು. ಕಿತ್ತ ಚಿಗುರುಗಳಲ್ಲಿ ನೂರಕ್ಕೆ ಒಂದರಿಂದ ಐದರವರೆಗೆ ಜೀನ್ ಸಿಕ್ತು. ಹಿಂದೆ ಎಲ್ಲರೂ ಲಕ್ಷಕ್ಕೊಂದು ಸಿಕ್ಕೀತು ಅಂತ ಹೆದರಿಕೊಂಡು ಕೂತಿದ್ರು. ನೂರಕ್ಕೆ ಒಂದು ಅಂದ್ರೆ ಕೂಲಿ ಕೆಲಸ, ಅಸಾಧ್ಯ ಅಲ್ಲ. ಅದೇ ದೇಶದ ವಾಗೆನಿಂಗನ್ ವಿಶ್ವವಿದ್ಯಾಲಯದವರು 2006ರಿಂದ ಹತ್ತು ವರ್ಷ, ಕಾಡು ಆಲೂಗಡ್ಡೆಗಳಿಂದಲೇ ಅಂಗಮಾರಿ ನಿರೋಧಕ ಜೀನುಗಳನ್ನ ತಂದು, ಮಾರ್ಕರ್ ಉಳಿಸದೆ ಗಿಡ ಮಾಡಿದ್ರು. ಆಲೂಗಡ್ಡೆ ಜೀನು ಆಲೂಗಡ್ಡೆಗೇ. ಬೇರೆ ಜೀವಿಯ ಜೀನ್ ಯಾವುದೂ ಉಳಿಯಲ್ಲ.

ನಾವೂ ಅದನ್ನೇ ಮಾಡೋಕೆ ಹೊರಟಿದ್ದು. ಹೇಳ್ಲೇಬೇಕು, ನಗಬೇಡಿ. ಕನಾಮೈಸಿನ್ ಇರೋ ಬಾಟ್ಲಿಯಲ್ಲಿ ಒಂದು ಸಮಾಧಾನ ಇದೆ. ಮೂರನೇ ವಾರಕ್ಕೆ ತುಂಡುಗಳು ಬಿಳಿಚಿ, ಅಲ್ಲೊಂದು ಇಲ್ಲೊಂದು ಅಕ್ಕಿ ಕಾಳಿನಷ್ಟು ಹಸಿರು ಕಾಣುತ್ತೆ, ಅದನ್ನ ಆರಿಸ್ಕೊಂಡ್ರೆ ಆಯ್ತು. ಮಾರ್ಕರ್ ಇಲ್ಲದ ಬಾಟ್ಲಿಯಲ್ಲಿ ಎಲ್ಲಾ ಹಸಿರು. ರ‍್ಯಾಕು ತುಂಬ ಹಸಿರು. ಯಾವುದು ನಮ್ಮದು, ಯಾವುದು ಬರೀ ಚಿಗುರು, ದೇವರಿಗೇ ಗೊತ್ತು. ಮುನ್ನೂರು ಚಿಲ್ಲರೆ ಚಿಗುರು ಕಿತ್ತು, ಒಂದೊಂದು ಬಾಟ್ಲಿಗೂ ಮಾರ್ಕರ್ ಪೆನ್ನಲ್ಲಿ ನಂಬರ್ ಬರೆದು, ಒಂದೊಂದರ ಎಲೆ ಚೂರು ತೆಗೆದು ಪಿಸಿಆರಿಗೆ ಕೊಟ್ವಿ. ಐದು ದಿನ ಆದ ಮೇಲೆ ಫಲಿತಾಂಶ ಬಂತು, ನಾಲ್ಕು ನಂಬರುಗಳಲ್ಲಿ ಜೀನ್ ಇದೆ. ಖುಷಿಯಲ್ಲಿ ರ‍್ಯಾಕಿನ ಹತ್ತಿರ ಓಡಿದ್ವಿ.

ಹಿಂದಿನ ಸಂಜೆ ಬೂಸ್ಟು ಬಂದಿದೆ ಅಂತ ಹೊಸದಾಗಿ ಸೇರಿದ್ದ ಹುಡುಗಿ, ಪಾಪ, ಎಲ್ಲಾ ಬಾಟ್ಲಿಗಳನ್ನೂ ಸ್ಪಿರಿಟ್ ಹಾಕಿ ಚೆನ್ನಾಗಿ ಒರೆಸಿ ಇಟ್ಟಿದ್ಲು. ಒಂದೇ ಒಂದು ನಂಬರ್ ಉಳಿದಿರಲಿಲ್ಲ.

ನಿಜವಾದ ಅರ್ಥದಲ್ಲಿ ಮಾರ್ಕರ್ ಇಲ್ಲದ ಗಿಡಗಳಾದ್ವು. ಮುನ್ನೂರನ್ನೂ ಮತ್ತೆ ಪಿಸಿಆರ್ ಮಾಡೋಕೆ ಕಿಟ್ಟಿಗೆ ದುಡ್ಡಿಲ್ಲ ಅಂದ್ರು ಮೇಲಿನವರು. ಆ ಪ್ರಾಜೆಕ್ಟ್ ಅಲ್ಲಿಗೆ ನಿಂತಿತು.

ಮೂಡಿಗೆರೆ ಮಾರಾಯ · ರಾತ್ರಿ 9:58

ನಗಬೇಡಿ ಅಂದ್ರೆ ಹೇಗೆ ಮಾರಾಯ್ರೆ 😂 ಹೆಂಡತಿ ಎದ್ದು ಬಂದು ಎಂತಾಯ್ತು ಅಂತ ಕೇಳಿದ್ಲು.

ಗಡ್ಡೆಗೌಡ, ಅರಕಲಗೂಡು · ರಾತ್ರಿ 10:10

ಆ ಹುಡುಗಿ ಕತೆ ಏನಾಯ್ತಕ್ಕ?

ಬಾಟ್ಲಿಮನೆ, ಹಾಸನ · ರಾತ್ರಿ 10:13

ಈಗ ನನ್ನ ಜೊತೆಗೇ ಬಾಳೆ ಮಾಡ್ತಾಳೆ. ಲೇಬಲ್ ಮೇಲೆ ಪೆನ್ಸಿಲಲ್ಲಿ ಬರೆದು, ಮೇಲೆ ಟೇಪು ಹಚ್ಚಿ, ಮುಚ್ಚಳದ ಮೇಲೂ ಇನ್ನೊಂದು ಸಲ ಬರೀತಾಳೆ.

ನಾಟಿಬೀಜ, ಕಡೂರು · ಮಂಗಳವಾರ ಬೆಳಿಗ್ಗೆ 6:50

ಮೇಡಂ, ನಿಮ್ಮ ಪ್ರಾಮಾಣಿಕತೆಗೆ ನಮಸ್ಕಾರ. ಆದ್ರೆ ನನ್ನ ಎರಡು ತಕರಾರು ಉಳಿದಿವೆ. ಒಂದು: ವಿಟಮಿನ್ ಎ ಕೊಡೋ ಕುಲಾಂತರಿ ಭತ್ತ ಗೋಲ್ಡನ್ ರೈಸಿನಲ್ಲಿ ಆ್ಯಂಟಿಬಯಾಟಿಕ್ ಇಲ್ಲ ಅಂತ ದೊಡ್ಡದಾಗಿ ಹೇಳ್ಕೋತಾರೆ. ಹಾಗಂದ್ರೆ ಮಾರ್ಕರ್ ಇಲ್ಲ ಅಂತಾನಾ? ಎರಡು: ಕುಲಾಂತರಿ ಹೈಬ್ರಿಡ್ ಸಾಸಿವೆ ಡಿಎಂಎಚ್-11ರಲ್ಲಿ ಬಾರ್ ಜೀನ್ ಇದೆ, ಕಳೆನಾಶಕ ತಡಕೊಳ್ಳೋ ಜೀನ್. ಅದನ್ನೂ ಬರೀ ಗುರುತಿಗೆ ಅಂತ ಹೇಳಿದ್ರು. ಸುಪ್ರೀಂ ಕೋರ್ಟಲ್ಲಿ 2024ರ ಜುಲೈಯಲ್ಲಿ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟಿದ್ದು ಅದೇ ಸಾಸಿವೆ ಮೇಲೆ.

ಪಿಯು ಮೇಷ್ಟ್ರು, ಚಿಕ್ಕಮಗಳೂರು · ಬೆಳಿಗ್ಗೆ 7:25

ಮೊದಲನೆಯದಕ್ಕೆ ನಾನು ಉತ್ತರಿಸಬಲ್ಲೆ. ಗೋಲ್ಡನ್ ರೈಸ್‌ನ ಎರಡನೇ ಪೀಳಿಗೆಯಲ್ಲಿ ಬಳಸಿದ್ದು ಪಿಎಂಐ ಎಂಬ ಜೀನು. ಬಾಟಲಿಯಲ್ಲಿ ಸಕ್ಕರೆಯ ಬದಲು ಮ್ಯಾನೋಸ್ ಎಂಬ ಬೇರೆ ಸಕ್ಕರೆ ಇಟ್ಟರೆ ಮಾಮೂಲಿ ಕೋಶಕ್ಕೆ ಅದನ್ನು ಅರಗಿಸಿಕೊಳ್ಳಲು ಬರುವುದಿಲ್ಲ, ಹಸಿದು ಸೊರಗುತ್ತದೆ. ಪಿಎಂಐ ಇರುವ ಕೋಶ ಅದನ್ನು ಫ್ರುಕ್ಟೋಸಿನ ರೂಪಕ್ಕೆ ತಿರುಗಿಸಿಕೊಂಡು ಬೆಳೆಯುತ್ತದೆ. ವಿಷ ಹಾಕಿ ಕೊಲ್ಲುವುದಲ್ಲ, ಊಟ ಬದಲಾಯಿಸುವುದು. ಆದರೆ ಆ ಜೀನು ಗಿಡದಲ್ಲೇ ಉಳಿಯುತ್ತದೆ. ಆದ್ದರಿಂದ ನಿಮ್ಮ ಸಂಶಯ ಸರಿ: ಆ್ಯಂಟಿಬಯಾಟಿಕ್ ಇಲ್ಲ ಎನ್ನಬಹುದು, ಮಾರ್ಕರ್ ಇಲ್ಲ ಎನ್ನುವಂತಿಲ್ಲ. ಎರಡನ್ನೂ ಒಂದೇ ಎಂಬಂತೆ ಪತ್ರಿಕೆಗಳಲ್ಲಿ ಬರೆಯುತ್ತಾರೆ.

ಬಾಟ್ಲಿಮನೆ, ಹಾಸನ · ಮಧ್ಯಾಹ್ನ 1:35

ಸಾಸಿವೆ ವಿಷಯದಲ್ಲಿ ನಾಟಿಬೀಜ ಅವರ ಜೊತೆ ನಾನು ಅರ್ಧ ಒಪ್ತೀನಿ. ಅಲ್ಲಿ ಬಾರ್ ಲ್ಯಾಬಿನ ಗುರುತಿಗೆ ಮಾತ್ರ ಇರೋದಲ್ಲ. ಹೈಬ್ರಿಡ್ ಬೀಜ ಮಾಡೋ ಹೊಲದಲ್ಲಿ ಗಂಡುಬಂಜೆ ಸಾಲಿನ ನಡುವೆ ಬೇಡದ ಸಸಿ ತೆಗೆಯೋಕೂ ಅದೇ ಬೇಕು. ಅಂದ್ರೆ ಅಲ್ಲಿ ಸಾರವೆ ಅಲ್ಲ, ಕಂಬವೇ ಅದು. ಬಿಚ್ಚೋಕೆ ಬರಲ್ಲ. ಅದನ್ನ ಮಾರ್ಕರ್ ಅಂತ ಮಾತ್ರ ಕರೆದ್ರೆ ರೈತರಿಗೆ ಅರ್ಧ ಹೇಳಿದ ಹಾಗೆ.

ಇನ್ನೊಂದು ನೆನಪಾಯ್ತು. ಯುರೋಪಿನಲ್ಲಿ ಆಮ್‌ಫ್ಲೋರಾ ಅನ್ನೋ ಪಿಷ್ಟದ ಆಲೂಗಡ್ಡೆಗೆ 2010ರಲ್ಲಿ ಅನುಮತಿ ಸಿಕ್ಕಿತ್ತು. ಅದರಲ್ಲಿ ಎನ್‌ಪಿಟಿ-2 ಇತ್ತು. ವರ್ಷಾನುಗಟ್ಟಲೆ ಜಗಳ ಆಗಿದ್ದು ಪಿಷ್ಟದ ಬಗ್ಗೆ ಅಲ್ಲ, ಆ ಒಂದು ಮಾರ್ಕರ್ ಬಗ್ಗೆ. 2012ಕ್ಕೆ ಕಂಪನಿಯೇ ಮಾರುಕಟ್ಟೆಯಿಂದ ಹಿಂದೆ ತಗೊಂಡಿತು, 2013ರ ಡಿಸೆಂಬರಲ್ಲಿ ಕೋರ್ಟು ಅನುಮತಿಯನ್ನೇ ರದ್ದು ಮಾಡಿತು, ಕಾರ್ಯವಿಧಾನ ಸರಿಯಾಗಿ ನಡೆಸಿಲ್ಲ ಅಂತ. ಮೊದಲೇ ಸಾರವೆ ಬಿಚ್ಚಿದ್ರೆ ಅಷ್ಟೆಲ್ಲ ರಾದ್ಧಾಂತ ಇರ್ತಿರಲಿಲ್ಲ.

ಅನಾಮಿಕ · ಮಧ್ಯಾಹ್ನ 2:02

ಈಗ ಜೀನ್ ತಿದ್ದೋ ಕ್ರಿಸ್ಪರ್ ತಂತ್ರ ಇರೋವಾಗ ಇದೆಲ್ಲ ಹಳೇ ಕತೆ ಅಲ್ವಾ? ಸುಮ್ನೆ ಟೈಮ್ ವೇಸ್ಟ್.

ಬಾಟ್ಲಿಮನೆ, ಹಾಸನ · ಮಧ್ಯಾಹ್ನ 2:30

ಅಲ್ಲ ಸ್ವಾಮಿ. ಕ್ರಿಸ್ಪರ್ ಕತ್ತರಿನೂ ಗಿಡದೊಳಗೆ ಹೋಗೋದು ಹೆಚ್ಚಾಗಿ ಅದೇ ಅಗ್ರೋಬ್ಯಾಕ್ಟೀರಿಯಂ ಬೆನ್ನೇರಿ, ಮಾರ್ಕರ್ ಜೊತೆ. 2025ರ ಮೇ ತಿಂಗಳಲ್ಲಿ ಬಿಡುಗಡೆ ಮಾಡಿದ ಜೀನೋಮ್ ತಿದ್ದಿದ ಎರಡು ಭತ್ತ ಗೊತ್ತಲ್ಲ, ಹೈದರಾಬಾದಿನ ಕಮಲಾ, ದೆಹಲಿಯ ಪೂಸಾ ಡಿಎಸ್‌ಟಿ ರೈಸ್-1. ಅಂಥದ್ದಕ್ಕೆ ಕೇಂದ್ರ ಸರ್ಕಾರದ 2022ರ ಮಾರ್ಚ್ ಆದೇಶದಲ್ಲಿ ಕುಲಾಂತರಿ ನಿಯಮಗಳಿಂದ ವಿನಾಯಿತಿ ಸಿಗೋದು ಹೊರಗಿನ ಡಿಎನ್ಎ ಏನೂ ಉಳಿದಿಲ್ಲ ಅಂತ ತೋರಿಸಿದ್ರೆ ಮಾತ್ರ. ಭತ್ತದಲ್ಲಿ ಕತ್ತರಿನೂ ಮಾರ್ಕರೂ ಕಳಚಿ ಬೀಳೋದು ಮೇಷ್ಟ್ರು ಹೇಳಿದ ಮೆಂಡೆಲ್ ಲೆಕ್ಕದಲ್ಲೇ. ಹಳೇ ಕತೆ ಈಗ ಮೊದಲಿಗಿಂತ ಜಾಸ್ತಿ ಬೇಕು.

ಆಲೂಗಡ್ಡೆಗೆ ಮತ್ತೆ ಅದೇ ಅಡ್ಡಿ. ಅದಕ್ಕೆ ಗೋಡೆ ತೆಗೆದ ಕೋಶಗಳಿಗೆ ಡಿಎನ್ಎ ಬದಲು ಕ್ರಿಸ್ಪರ್ ಪ್ರೋಟೀನನ್ನೇ ನೇರವಾಗಿ ಹಾಕ್ತಾರೆ. ಕೆಲಸ ಮಾಡಿ ಕರಗಿಹೋಗುತ್ತೆ. ಆಮೇಲೆ ಆ ಬತ್ತಲೆ ಕೋಶದಿಂದ ಗಿಡ ಎಬ್ಬಿಸೋದು ತಪಸ್ಸು. ಜೀನಿನ ನಾಲ್ಕೂ ಪ್ರತಿಗಳನ್ನ ತಿದ್ದಬೇಕು, ಮೂರು ತಿದ್ದಿ ಒಂದು ಬಿಟ್ರೆ ಪ್ರಯೋಜನ ಇಲ್ಲ. ಡಿಎಂಆರ್-6 ಅನ್ನೋ ಜೀನನ್ನ ಹೀಗೆ ಕೆಡಿಸಿದ್ರೆ ಅಂಗಮಾರಿ ತಡಕೊಳ್ಳೋ ಶಕ್ತಿ ಹೆಚ್ಚುತ್ತೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಆದ್ರೆ ಕಾಡು ಆಲೂಗಡ್ಡೆಯ ಇಡೀ ನಿರೋಧಕ ಜೀನ್ ತರಬೇಕು ಅಂದ್ರೆ ಅಲ್ಲೊಂದು ಇಲ್ಲೊಂದು ಅಕ್ಷರ ತಿದ್ದಿದ್ರೆ ಸಾಲದು, ಸೇರಿಸಲೇಬೇಕು.

ಮೂಡಿಗೆರೆ ಮಾರಾಯ · ಸಂಜೆ 5:20

ಮೇಡಂ, ಕಾಫಿ ಮರೆತ್ರಾ? ನಿನ್ನೆಯಿಂದ ಕಾಯ್ತಾ ಇದ್ದೇನೆ.

ಬಾಟ್ಲಿಮನೆ, ಹಾಸನ · ರಾತ್ರಿ 9:10

ಮರೆತಿಲ್ಲ ಸಾರ್, ಹೇಳೋಕೆ ಒಳ್ಳೇ ಸುದ್ದಿ ಇಲ್ಲ ಅಂತ ಮುಂದೂಡಿದೆ.

ಅರೇಬಿಕಾ ತನ್ನ ಹೂವಿಗೆ ತಾನೇ ಪರಾಗ ಕೊಟ್ಕೊಳ್ಳುತ್ತೆ, ಹಾಗಾಗಿ ಲೆಕ್ಕದ ಪ್ರಕಾರ ಮೇಷ್ಟ್ರ ದಾರಿ ನಡೆಯುತ್ತೆ. ಆದ್ರೆ ಒಂದು ಪೀಳಿಗೆ ದಾಟಿಸೋಕೆ ಗಿಡ ಹೂ ಬಿಡೋವರೆಗೆ ಮೂರ್ನಾಲ್ಕು ವರ್ಷ ಕಾಯಬೇಕು. ಅದಕ್ಕೂ ಮುಂಚೆ ಎಲೆ ಚೂರಿಂದ ಭ್ರೂಣ ಎಬ್ಬಿಸಿ ಸಸಿ ಮಾಡೋಕೇ ಒಂದು ವರ್ಷ ಮೀರುತ್ತೆ. ಭತ್ತದವರು ವರ್ಷಕ್ಕೆ ಎರಡು ಪೀಳಿಗೆ ತೆಗೀತಾರೆ, ಹೋಲಿಸಿ ನೋಡಿ. ರೋಬಸ್ಟಾ ಬೇರೆ ಗಿಡದ ಪರಾಗ ಇಲ್ಲದೆ ಕಾಯಿ ಕಟ್ಟಲ್ಲ, ಬೀಜದಿಂದ ಬಂದದ್ದು ತಾಯಿಯ ಹಾಗಿರಲ್ಲ. ಅಲ್ಲಿ ಆಲೂಗಡ್ಡೆಯ ಲೆಕ್ಕ, ಕತ್ತರಿ ಇಲ್ಲಾಂದ್ರೆ ಕತ್ತೆ ದುಡಿಮೆ. ಜಪಾನಿನವರು 2003ರಲ್ಲಿ ಕೆಫೀನ್ ಕಡಿಮೆ ಇರೋ ರೋಬಸ್ಟಾ ಸಸಿಗಳನ್ನ ಲ್ಯಾಬಲ್ಲಿ ಮಾಡಿದ್ರು, ಕೆಫೀನ್‌ನಲ್ಲಿ ನೂರಕ್ಕೆ ಎಪ್ಪತ್ತು ಪಾಲಿನವರೆಗೂ ಕಡಿಮೆಯಾಗಿತ್ತು. ಅದು ತೋಟಕ್ಕೆ ಬರಲಿಲ್ಲ. ಕಾಂಡ ಕೊರಕದ ಮಟ್ಟಿಗಂತೂ ಯಾವ ಜೀನ್ ಹಾಕೋದು ಅನ್ನೋದೇ ಮೊದಲ ಪ್ರಶ್ನೆ. ಮಾರ್ಕರ್ ಪ್ರಶ್ನೆ ಅದಾದ ಮೇಲೆ.

ಮೂಡಿಗೆರೆ ಮಾರಾಯ · ರಾತ್ರಿ 9:32

ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರು ಹೇಳಿದ ಹಾಗೆ ನೆರಳು ಸರಿ ಮಾಡಿ, ಬೊಡ್ಡೆ ಉಜ್ಜಿ, ಸುಣ್ಣ ಬಳಿಯುವುದೇ ಸೈ ಅನ್ನಿ. ಮೇಲಾಗಿ ನಮ್ಮ ಕಾಫಿಗೆ ದೊಡ್ಡ ಗಿರಾಕಿ ಇಟಲಿ. ಕುಲಾಂತರಿ ಅಂದ ಕೂಡಲೇ, ಮಾರ್ಕರ್ ಇರ್ಲಿ ಬಿಡ್ಲಿ, ಅವ ಚೀಲ ಮುಟ್ಟಲಿಕ್ಕಿಲ್ಲ.

ನಾಟಿಬೀಜ, ಕಡೂರು · ರಾತ್ರಿ 9:50

ಅದೇ ನನ್ನ ಕೊನೇ ಮಾತು. ಮಾರ್ಕರ್ ತೆಗೆದರೂ ಅದು ಕುಲಾಂತರಿಯೇ. ಇನ್ನೊಂದು ಭಯ: ಬಹಳ ಲ್ಯಾಬುಗಳು ಕುಲಾಂತರಿ ಕಲಬೆರಕೆ ಹಿಡಿಯೋದು ಎನ್‌ಪಿಟಿ-2 ಥರದ ಸಾಮಾನ್ಯ ಗುರುತು ಹುಡುಕಿ. ಅದೇ ಇಲ್ಲ ಅಂದ್ರೆ ಕದ್ದು ಬಂದ ಬೀಜ ಹಿಡಿಯೋದು ಹೇಗೆ?

ಬಾಟ್ಲಿಮನೆ, ಹಾಸನ · ರಾತ್ರಿ 10:15

ಒಳ್ಳೇ ಪ್ರಶ್ನೆ, ನಿಜಕ್ಕೂ. ಸೇರಿಸಿದ ಜೀನ್ ಗಿಡದ ಡಿಎನ್ಎಯ ಯಾವ ಜಾಗದಲ್ಲಿ ಕೂತಿದೆಯೋ ಆ ಸೇರುಜಾಗವನ್ನೇ ಹುಡುಕೋ ಪರೀಕ್ಷೆ ಇದೆ, ಅದು ತಪ್ಪಿಸಿಕೊಳ್ಳಲ್ಲ. ಆದ್ರೆ ಮಾಡಿದವರು ಆ ಮಾಹಿತಿ ಕೊಟ್ಟಿರಬೇಕು. ಕೊಡದೆ ಕದ್ದು ತಂದ್ರೆ, ನೀವು ಹೇಳಿದ ಹಾಗೆ, ಕಷ್ಟ.

ಗಡ್ಡೆಗೌಡ, ಅರಕಲಗೂಡು · ಬುಧವಾರ ಬೆಳಿಗ್ಗೆ 6:20

ಅಕ್ಕ, ಮೇಷ್ಟ್ರೆ, ಎಲ್ರಿಗೂ ಉಪಕಾರ ಆಯ್ತು. ಒಂದು ಅನುಮಾನ. ಮೊನ್ನೆ ಎಪಿಎಂಸಿಯಿಂದ ತಂದ ಗಡ್ಡೆಯಲ್ಲಿ ಈ ಎನ್‌ಪಿಟಿ ಗಿನ್‌ಪಿಟಿ ಇದೆಯಾ ಅಂತ ನೋಡಿಸ್ಬೇಕಾ?

ಬಾಟ್ಲಿಮನೆ, ಹಾಸನ · ಬೆಳಿಗ್ಗೆ 6:41

ಬೇಡ ಗೌಡ್ರೆ. ನಮ್ಮ ದೇಶದಲ್ಲಿ ರೈತರು ಬೆಳೆಯೋಕೆ ಅನುಮತಿ ಇರೋ ಕುಲಾಂತರಿ ಹತ್ತಿ ಒಂದೇ. ಆ ದುಡ್ಡಲ್ಲಿ ಗಡ್ಡೆಯನ್ನ ಬಿತ್ತೋ ಮುಂಚೆ ಮ್ಯಾಂಕೋಜೆಬ್‌ನಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ. ಕತ್ತರಿಸೋ ಚಾಕು ಒಂದೊಂದು ಗಡ್ಡೆಗೂ ಅದ್ದಿ ತೆಗೀರಿ. ಕೊಳೆತದ್ದು ಸಿಕ್ರೆ ಹೊಲದ ಬದುವಿಗೆ ಎಸೀಬೇಡಿ, ಗುಂಡಿ ತೆಗೆದು ಹೂಳಿ. ಅಂಗಮಾರಿ ಮೊದಲು ಎದ್ದೇಳೋದು ಆ ರಾಶಿಯಿಂದಲೇ.

ಮೂಡಿಗೆರೆ ಮಾರಾಯ · ಬೆಳಿಗ್ಗೆ 8:15

ಮೇಡಂ, ಹಾಗೇ ಕರಿಮೆಣಸಿನ ಸೊರಗು ರೋಗಕ್ಕೆ…

ಬಾಟ್ಲಿಮನೆ, ಹಾಸನ · ಬೆಳಿಗ್ಗೆ 8:17

ಅದಕ್ಕೆ ಬೇರೆ ಎಳೆ ತೆಗೀರಿ ಸಾರ್, ನನ್ನ ಆಟೋಕ್ಲೇವ್ ಸೀಟಿ ಹೊಡೀತಿದೆ.